ಹೆಜ್ಜೆಯಲ್ಲಿ ತಾಳ: ಟೆಕ್ಸಸ್‌ನ ಮಾರ್ಚಿಂಗ್ ಬ್ಯಾಂಡಿನಲ್ಲಿ ನನ್ನ ನಾಲ್ಕು ವರ್ಷ

ಮೈಸೂರಿನಲ್ಲಿ ಏಳನೆಯ ತರಗತಿ ಮುಗಿಸಿದ ವರ್ಷವೇ ಅಪ್ಪನ ಕೆಲಸದ ನಿಮಿತ್ತ ನಮ್ಮ ಮನೆಯವರೆಲ್ಲ ಟೆಕ್ಸಸ್‌ಗೆ ಹೋಗಿ ನೆಲೆಸಿದೆವು. ಆಗ ನನಗೆ ಹದಿಮೂರು ವರ್ಷ. ಅಷ್ಟರೊಳಗೆ ಐದು ವರ್ಷ ಕರ್ನಾಟಕ ಸಂಗೀತದ ಹಾಡುಗಾರಿಕೆಯನ್ನು ಕಲಿತಿದ್ದೆ. ಹೊಸ ಶಾಲೆಯಲ್ಲಿ ಸಂಗೀತವೆಂದರೆ ಗಾಯನವೃಂದ, ಆರ್ಕೆಸ್ಟ್ರಾ ಅಥವಾ ಬ್ಯಾಂಡ್, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಮೈಸೂರಿನ ಗಣೇಶೋತ್ಸವದ ಪೆಂಡಾಲಿನಲ್ಲಿ ಅಜ್ಜನ ಪಕ್ಕದಲ್ಲಿ ಕುಳಿತು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕಛೇರಿ ಕೇಳಿದ ನೆನಪು ಇನ್ನೂ ಹಸಿಯಾಗಿದ್ದುದರಿಂದ, ನಾನು ಹಿಂದುಮುಂದು ನೋಡದೆ ಬ್ಯಾಂಡ್ ಎಂದೂ ವಾದ್ಯ ಸ್ಯಾಕ್ಸೋಫೋನ್ ಎಂದೂ ಬರೆದುಕೊಟ್ಟೆ. ಅಲ್ಲಿನ ಮಕ್ಕಳು ಆರನೆಯ ತರಗತಿಯಿಂದಲೇ ವಾದ್ಯ ಹಿಡಿದಿರುತ್ತಾರೆ. ನಾನು ಎರಡು ವರ್ಷ ಹಿಂದಿದ್ದೆ. ಸ್ವರಜ್ಞಾನ ಇದ್ದುದರಿಂದ ನುಡಿಸುವುದನ್ನು ಬೇಗ ಹಿಡಿದುಕೊಂಡೆನಾದರೂ ಒಂಬತ್ತನೆಯ ತರಗತಿಗೆ, ಅಂದರೆ ಹೈಸ್ಕೂಲಿಗೆ, ಬಂದಾಗ ನನ್ನ ಮುಂದೆ ನಿಂತದ್ದು ಬೇರೆಯೇ ವಿದ್ಯೆ.

ನನ್ನ ಮನಸ್ಸಿನಲ್ಲಿದ್ದ ಬ್ಯಾಂಡ್ ಎಂದರೆ ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡ್. ಅದು ರಸ್ತೆಯಲ್ಲಿ ನೇರ ಸಾಲಿನಲ್ಲಿ ಬರುತ್ತದೆ, ನಮ್ಮ ಮುಂದೆ ಹಾದುಹೋಗುತ್ತದೆ, ದೂರವಾಗುತ್ತದೆ. ಟೆಕ್ಸಸ್‌ನ ಹೈಸ್ಕೂಲು ಬ್ಯಾಂಡ್ ಎಲ್ಲಿಗೂ ಹೋಗುವುದಿಲ್ಲ. ಅಮೆರಿಕನ್ ಫುಟ್‌ಬಾಲ್ ಮೈದಾನವೇ ಅದರ ರಂಗ. ಎತ್ತರದ ಆಸನಗಳಲ್ಲಿ ಕುಳಿತವರ ಕಣ್ಣಿಗೆ ಕಾಣುವಂತೆ ಇನ್ನೂರು ಮಕ್ಕಳು ನುಡಿಸುತ್ತಲೇ ನಡೆದು, ಓಡಿ, ಹಿಂದಕ್ಕೆ ಸರಿದು ಬಾಗುರೇಖೆಗಳನ್ನೂ ಚೌಕಗಳನ್ನೂ ಬಿಡಿಸುತ್ತಾರೆ. ಒಂದು ಆಕೃತಿ ಇನ್ನೊಂದಾಗಿ ಕರಗುವ ಆ ಚಲನೆಗೆ ಡ್ರಿಲ್ ಎನ್ನುತ್ತಾರೆ. ಸುಮಾರು ಎಂಟು ನಿಮಿಷದ ಒಂದೇ ಪ್ರದರ್ಶನವನ್ನು ಆಗಸ್ಟ್‌ನಿಂದ ನವೆಂಬರ್‌ವರೆಗೆ ತಿದ್ದುತ್ತಲೇ ಇರುತ್ತಾರೆ.

ಡ್ರಿಲ್‌ನ ಲೆಕ್ಕ ನನಗೆ ಮೊದಲ ದಿನವೇ ಇಷ್ಟವಾಯಿತು. ಮೈದಾನದ ಉದ್ದಕ್ಕೆ ಪ್ರತಿ ಐದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ, ಎರಡೂ ತುದಿಗಳಿಂದ ನಡುವಿನ ಐವತ್ತರವರೆಗೆ ಗಜದ ಲೆಕ್ಕದಲ್ಲಿ ಅವನ್ನು ಹೆಸರಿಸುತ್ತಾರೆ. ಎರಡು ಗೆರೆಗಳ ನಡುವೆ ಎಂಟು ಹೆಜ್ಜೆ. ಹಾಗಾಗಿ ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸೈನಿಕರ ಮೂವತ್ತು ಅಂಗುಲದ ಹೆಜ್ಜೆಗಿಂತ ಇದು ಚಿಕ್ಕದು. ಎಂಟು ಎಣಿಕೆಗೆ ಒಂದು ಗೆರೆ ಎಂದು ಕೇಳಿದ ಕೂಡಲೇ ನನ್ನ ಬಲಗೈ ತಾನಾಗಿಯೇ ಆದಿತಾಳ ಹಾಕತೊಡಗಿತು: ಗೆರೆಯ ಮೇಲೆ ಸಮ, ನಡುವೆ ಏಳು ಅಕ್ಷರ, ಮುಂದಿನ ಗೆರೆಯ ಮೇಲೆ ಮತ್ತೆ ಸಮ. ಪ್ರತಿ ಆಕೃತಿಯಲ್ಲೂ ಪ್ರತಿಯೊಬ್ಬರಿಗೂ ಒಂದು ಡಾಟ್, ಅಂದರೆ ನಿಲ್ಲಬೇಕಾದ ಬಿಂದು, ಇರುತ್ತದೆ. ಉದಾಹರಣೆಗೆ, ಎಡಭಾಗದ ನಲವತ್ತರ ಗೆರೆಯಿಂದ ಎರಡು ಹೆಜ್ಜೆ ಹೊರಗೆ, ಮೈದಾನದ ಅಗಲವನ್ನು ಭಾಗಿಸುವ ಹ್ಯಾಶ್ ಗುರುತುಗಳಲ್ಲಿ ಪ್ರೇಕ್ಷಕರ ಕಡೆಯದರಿಂದ ಆರು ಹೆಜ್ಜೆ ಹಿಂದೆ. ಇಂಥ ಅರವತ್ತಕ್ಕೂ ಹೆಚ್ಚು ಬಿಂದುಗಳನ್ನು ಅಂಗೈಯಗಲದ ಪುಸ್ತಕದಲ್ಲಿ ಬರೆದುಕೊಂಡು, ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆವು. ಸೆಟ್ ಎಂದು ಕೂಗಿದೊಡನೆ ಎಲ್ಲರೂ ತಮ್ಮ ಬಿಂದುವಿಗೆ ಓಡಬೇಕು, ನಿಂತ ಮೇಲೆ ಕಣ್ಣು ಮಾತ್ರ ಆಡಿಸಿ ಸಾಲನ್ನು ಸರಿಪಡಿಸಿಕೊಳ್ಳಬೇಕು.

ಮೊದಲ ವರ್ಷ ನನಗೆ ಸ್ವಂತ ಡಾಟ್ ಸಿಗಲಿಲ್ಲ. ನಾನು ಬದಲಿ ಆಟಗಾರನಂತೆ ಹಿರಿಯ ವಾದಕಿಯೊಬ್ಬಳ ಹಿಂದೆ ನಿಂತು, ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಇಡೀ ಡ್ರಿಲ್ ಕಲಿಯಬೇಕಿತ್ತು. ಆಗ ಅದು ಅವಮಾನವೆಂದು ಕಂಡಿತು. ಈಗ ಯೋಚಿಸಿದರೆ, ಆ ವರ್ಷ ನಾನು ನೋಡಿದಷ್ಟು ಪಾದಗಳನ್ನು ಮತ್ತಾವ ವರ್ಷವೂ ನೋಡಲಿಲ್ಲ, ಕಲಿತದ್ದರಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಬಂದದ್ದು. ಮುಂದಕ್ಕೆ ನಡೆಯುವಾಗ ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಕಾಲ್ಬೆರಳು ಆಕಾಶ ನೋಡುತ್ತಿರಬೇಕು, ಆಮೇಲೆ ಇಡೀ ಅಂಗಾಲು ನಿಧಾನವಾಗಿ ಉರುಳಿ ಕೆಳಗಿಳಿಯಬೇಕು. ಹಿಂದಕ್ಕೆ ನಡೆಯುವಾಗ ಹಿಮ್ಮಡಿ ನೆಲವನ್ನೇ ಮುಟ್ಟಬಾರದು. ಪಕ್ಕಕ್ಕೆ ಸಾಗುವಾಗ ಸೊಂಟದ ಕೆಳಗಿನ ಭಾಗ ಮಾತ್ರ ಹೋಗುವ ದಿಕ್ಕಿಗೆ ತಿರುಗುತ್ತದೆ, ಎದೆಯೂ ವಾದ್ಯವೂ ಪ್ರೇಕ್ಷಕರ ಕಡೆಗೇ ಇರುತ್ತವೆ. ಇದು ಬರಿಯ ಅಂದಕ್ಕಾಗಿ ಮಾಡಿದ ನಿಯಮವಲ್ಲ. ಹಿಮ್ಮಡಿ ಧಪ್ಪೆಂದು ಬಿದ್ದರೆ ಆ ಪೆಟ್ಟು ಮೊಣಕಾಲು, ಹೊಟ್ಟೆ, ಗಂಟಲುಗಳನ್ನು ದಾಟಿ ತುಟಿಯವರೆಗೆ ಬರುತ್ತದೆ, ದೀರ್ಘ ಸ್ವರ ಪ್ರತಿ ಹೆಜ್ಜೆಗೂ ಅಲುಗುತ್ತದೆ. ನಾನು ಮನೆಯ ಮುಂದಿನ ಕಾಲುದಾರಿಯಲ್ಲಿ ಒಂದೇ ಸ್ವರವನ್ನು ಹದಿನಾರು ಎಣಿಕೆ ಹಿಡಿದು ನಡೆಯುತ್ತ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಕಣ್ಣುಮುಚ್ಚಿ ಕೇಳಿದಾಗ ನಡೆದದ್ದೋ ನಿಂತದ್ದೋ ಗೊತ್ತಾಗದಂತಾಗಲು ನನಗೆ ಏಳೆಂಟು ತಿಂಗಳು ಬೇಕಾಯಿತು.

ಆಗಸ್ಟ್‌ನಲ್ಲಿ ಶಾಲೆ ಶುರುವಾಗುವುದಕ್ಕೆ ಮೊದಲು ನಡೆಯುವ ಬೇಸಿಗೆ ಅಭ್ಯಾಸ ದೇಹವನ್ನು ನಿಜವಾಗಿ ಪರೀಕ್ಷಿಸುತ್ತದೆ. ಟಾರು ಹಾಕಿದ ವಾಹನ ನಿಲ್ದಾಣದಲ್ಲೇ ಮೈದಾನದ ಗೆರೆಗಳನ್ನು ಬಳಿದಿರುತ್ತಾರೆ. ಬಿಸಿಲು ಮೂವತ್ತೆಂಟು ಡಿಗ್ರಿ ದಾಟಿರುತ್ತದೆ. ಪ್ರತಿಯೊಬ್ಬರೂ ಒಂದು ಗ್ಯಾಲನ್‌ನ, ಅಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆಯ, ನೀರಿನ ಜಗ್ ತರಲೇಬೇಕು. ಸ್ನಾಯು ಹಿಡಿದುಕೊಳ್ಳದಿರಲೆಂದು ಕೆಲವರು ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿಯ ನೀರು ಕುಡಿಯುತ್ತಿದ್ದರು. ನನಗೆ ಅಮ್ಮ ಬೆಲ್ಲ, ನಿಂಬೆಹಣ್ಣು, ಚಿಟಿಕೆ ಉಪ್ಪು ಹಾಕಿದ ಪಾನಕವನ್ನು ಫ್ಲಾಸ್ಕಿನಲ್ಲಿ ಕಳಿಸುತ್ತಿದ್ದರು, ಎರಡನೆಯ ವಾರದಿಂದ ಅದಕ್ಕೆ ಪಾಲುದಾರರು ಹೆಚ್ಚಾದದ್ದರಿಂದ ದೊಡ್ಡ ಫ್ಲಾಸ್ಕ್ ಕೊಳ್ಳಬೇಕಾಯಿತು. ಶಾಲೆ ಶುರುವಾದ ಮೇಲೆ ಶಾಲಾ ಅವಧಿಯ ಹೊರಗಿನ ಅಭ್ಯಾಸ ವಾರಕ್ಕೆ ಎಂಟು ಗಂಟೆ ಮೀರಬಾರದೆಂಬ ನಿಯಮವಿದೆ. ಟೆಕ್ಸಸ್‌ನ ಶಾಲಾ ಸ್ಪರ್ಧೆಗಳನ್ನು ನಡೆಸುವ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಅಂದರೆ ಯುಐಎಲ್, ಇದನ್ನು ವಿಧಿಸಿದೆ. ಪಾಠದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಬಂದವರು ಸ್ಪರ್ಧೆಗೆ ಇಳಿಯುವಂತಿಲ್ಲ ಎಂಬ ಕಾನೂನೂ 1984ರಿಂದ ಇದೆ. ಒಬ್ಬರು ಹೊರಗುಳಿದರೆ ಆಕೃತಿಯಲ್ಲಿ ಹಲ್ಲುಬಿದ್ದಂತೆ ತೂತು ಕಾಣುತ್ತದೆ. ಆದ್ದರಿಂದ ನಮ್ಮ ಸ್ಯಾಕ್ಸೋಫೋನ್ ಗುಂಪಿನಲ್ಲಿ ಗಣಿತ ಬಲ್ಲವರು ಬಸ್ಸಿನಲ್ಲೇ ಉಳಿದವರಿಗೆ ಪಾಠ ಹೇಳುತ್ತಿದ್ದರು.

ಇಷ್ಟೆಲ್ಲ ಕಲಿತರೂ ನನಗೆ ಅತ್ಯಂತ ಕಷ್ಟವಾದದ್ದು ಬೇರೆ: ಕಿವಿಯನ್ನು ನಂಬದಿರುವುದು. ಹಾಡುಗಾರಿಕೆಯಲ್ಲಿ ನನ್ನ ಗುರುಗಳು ಮೊದಲು ಕೇಳು, ಆಮೇಲೆ ಹಾಡು ಎಂದೇ ಕಲಿಸಿದ್ದರು. ಮೃದಂಗವನ್ನು ಕೇಳುತ್ತ, ತಂಬೂರಿಯನ್ನು ಕೇಳುತ್ತ ಹಾಡುವವರಿಗೆ ಆ ಪಾಠ ಸರಿ, ಏಕೆಂದರೆ ಅವರೆಲ್ಲ ಒಂದೇ ಜಮಖಾನದ ಮೇಲೆ ಕುಳಿತಿರುತ್ತಾರೆ. ಮೈದಾನದಲ್ಲಿ ನಾನು ಎಡಭಾಗದ ಇಪ್ಪತ್ತರ ಗೆರೆಯ ಮೇಲಿದ್ದರೆ ಟ್ರಂಪೆಟ್‌ಗಳು ಬಲಭಾಗದ ಇಪ್ಪತ್ತರ ಮೇಲೆ, ಅರವತ್ತು ಗಜ ದೂರದಲ್ಲಿರುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆ ದೂರ ದಾಟಲು ಅದಕ್ಕೆ ಸೆಕೆಂಡಿನ ಆರನೆಯ ಒಂದು ಭಾಗ ಹಿಡಿಯುತ್ತದೆ. ಅಲ್ಪವೆನಿಸಬಹುದು, ಆದರೆ ನಿಮಿಷಕ್ಕೆ 160 ಬಡಿತದ ವೇಗದಲ್ಲಿ ಅದು ಹೆಚ್ಚುಕಡಿಮೆ ಅರ್ಧ ಬಡಿತ. ಟ್ರಂಪೆಟ್ ಕೇಳಿದಾಗ ನಾನು ನುಡಿಸಿದರೆ, ಅದು ನಮ್ಮಿಬ್ಬರ ನಡುವೆ ಎತ್ತರದಲ್ಲಿ ಕುಳಿತವರ ಕಿವಿಗೆ ಅರ್ಧ ಬಡಿತ ತಡವಾಗಿಯೇ ತಲುಪುತ್ತದೆ. ಸರಿಯಾಗಿ ನುಡಿಸಿದ ದಿನ ನನ್ನ ಕಿವಿಗೆ ಎಲ್ಲವೂ ತಪ್ಪಾಗಿ ಕೇಳಬೇಕು!

ಆದ್ದರಿಂದ ಬ್ಯಾಂಡಿನಲ್ಲಿ ಕಾಲಕ್ಕೆ ಬೇರೆ ವ್ಯವಸ್ಥೆಯಿದೆ. ಡ್ರಮ್‌ಗಳ ಸಾಲನ್ನು, ಅಂದರೆ ಬ್ಯಾಟರಿಯನ್ನು, ಸಾಮಾನ್ಯವಾಗಿ ನಡುಹಿಂಭಾಗದಲ್ಲಿ ನಿಲ್ಲಿಸುತ್ತಾರೆ. ಮುಂದೆ ಎತ್ತರದ ಕಟ್ಟೆಯ ಮೇಲೆ ನಿಂತ ಡ್ರಮ್ ಮೇಜರ್ ತನ್ನ ಕೈಯನ್ನು ಆ ನಡುವಿನ ಡ್ರಮ್ ವಾದಕರ ಪಾದಗಳಿಗೆ ಹೊಂದಿಸುತ್ತಾರೆ, ಅವರ ಶಬ್ದಕ್ಕಲ್ಲ. ನಾವು ಡ್ರಮ್ ಮೇಜರ್ ಕೈಗೆ ನಮ್ಮ ಪಾದವನ್ನು ಹೊಂದಿಸುತ್ತೇವೆ, ನಮ್ಮ ಪಾದಕ್ಕೆ ನಾಲಗೆಯನ್ನು. ಬೆಳಕಿನ ವೇಗಕ್ಕೆ ಮೈದಾನದ ಅಗಲ ಲೆಕ್ಕಕ್ಕಿಲ್ಲವಲ್ಲ. ಪಕ್ಕದ ಗೆರೆಯಾಚೆ ನಿಂತು ಮರಿಂಬಾ, ವೈಬ್ರಾಫೋನ್ ನುಡಿಸುವ ಪಿಟ್‌ನವರು ಮಾತ್ರ ಕೈಯನ್ನು ನೆಚ್ಚದೆ ಬೆನ್ನ ಹಿಂದಿನಿಂದ ಬರುವ ಶಬ್ದಕ್ಕೆ ಕಿವಿಗೊಡುತ್ತಾರೆ, ಏಕೆಂದರೆ ಆ ಶಬ್ದದ ಜೊತೆಯಲ್ಲೇ ಅವರದ್ದೂ ಪ್ರೇಕ್ಷಕರನ್ನು ಸೇರಬೇಕು.

ಇದನ್ನು ನಾನು ತಿಳಿದಿದ್ದೆ, ಮೈಗೂಡಿಸಿಕೊಂಡಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಸ್ವಂತ ಡಾಟ್ ಸಿಕ್ಕಿತು. ಆ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೋದ ಆಲಮೋಡೋಮ್‌ನಲ್ಲಿ ನಡೆಯುವ ಬ್ಯಾಂಡ್ಸ್ ಆಫ್ ಅಮೆರಿಕ ಸ್ಪರ್ಧೆಗೆ ಹೋದೆವು. ಅದು 1993ರಲ್ಲಿ ತೆರೆದ, ಮೇಲ್ಛಾವಣಿಯಿರುವ ಭಾರೀ ಕ್ರೀಡಾಂಗಣ. ಬಯಲಿನಲ್ಲೇ ಅಭ್ಯಾಸ ಮಾಡಿದ್ದ ನನಗೆ, ನಾವು ನುಡಿಸಿದ ಮೊದಲ ಗಟ್ಟಿ ಸ್ವರ ಎದುರು ಗೋಡೆಗೆ ಬಡಿದು ವಾಪಸು ಬಂದಾಗ ಎದೆ ನಡುಗಿತು. ಎರಡನೆಯ ಭಾಗದಲ್ಲಿ ಹದಿನಾರು ಎಣಿಕೆಯ ಪಕ್ಕದ ಚಲನೆಯೊಂದಿತ್ತು. ಅಲ್ಲಿ ಕಣ್ಣು ಒಂದು ಕ್ಷಣ ಡ್ರಮ್ ಮೇಜರ್ ಕೈಯಿಂದ ತಪ್ಪಿತು, ಕಿವಿ ತನ್ನ ಹಳೆಯ ಅಭ್ಯಾಸದಂತೆ ಪ್ರತಿಧ್ವನಿಯನ್ನು ಹಿಡಿಯಿತು, ಪಾದ ಅದನ್ನು ಹಿಂಬಾಲಿಸಿತು. ನನ್ನ ಹಿಂದಿದ್ದ ಇಬ್ಬರು ನನ್ನ ಭುಜವನ್ನು ನೋಡಿ ಸಾಲು ಕಾಯುತ್ತಿದ್ದುದರಿಂದ ಅವರೂ ನನ್ನೊಡನೆ ಜಾರಿದರು. ಆ ಸ್ಪರ್ಧೆಯಲ್ಲಿ ಕೆಲವು ತೀರ್ಪುಗಾರರು ಧ್ವನಿಮುದ್ರಕ ಹಿಡಿದು ಮೈದಾನದೊಳಗೇ ನಮ್ಮ ನಡುವೆ ನಡೆದಾಡುತ್ತಾರೆ. ಮರುವಾರ ಆ ಮುದ್ರಿಕೆಯನ್ನು ನಮಗೆ ಕೇಳಿಸಿದಾಗ, ಸ್ಯಾಕ್ಸೋಫೋನ್ ಸಾಲಿನ ಪಾದಗಳು ಒಡೆದಿವೆ ಎಂಬ ಮಾತು ಬರುವ ಮೊದಲೇ ನನ್ನ ಸ್ವರ ಅಲ್ಲಿ ಒಂಟಿಯಾಗಿ ಹಿಂದುಳಿದದ್ದು ನನಗೆ ಕೇಳಿಸಿತು. ಅಂತಿಮ ಸುತ್ತಿನ ಹದಿನಾಲ್ಕು ಬ್ಯಾಂಡುಗಳಲ್ಲಿ ನಮ್ಮದು ಇರಲಿಲ್ಲ. ಯಾರೂ ನನ್ನನ್ನು ದೂರಲಿಲ್ಲ, ಆದರೆ ಆ ಹದಿನಾರು ಎಣಿಕೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು.

ಅದನ್ನು ನಾನು ತಿದ್ದಿಕೊಂಡದ್ದು ಮೈಸೂರಿನಲ್ಲಿ ಕಲಿತ ವಿದ್ಯೆಯಿಂದಲೇ. ತಾಳವನ್ನು ಕೈಯಿಂದ ಕಾಲಿಗೆ ಇಳಿಸಬೇಕೆಂದು ತೋರಿತು. ವಾದ್ಯವನ್ನು ಕೆಳಗಿಟ್ಟು, ಬಾಯಲ್ಲಿ ತಕಧಿಮಿ ತಕಜುಣು ಎಂದು ಹೇಳುತ್ತ ಗೆರೆಯಿಂದ ಗೆರೆಗೆ ನಡೆದೆ. ಆಮೇಲೆ ಮೆಟ್ರೊನೋಮನ್ನು ಬೇಕೆಂದೇ ಅರವತ್ತು ಗಜ ದೂರದಲ್ಲಿಟ್ಟು, ಅದರ ಪಕ್ಕ ತಮ್ಮನನ್ನು ನಿಲ್ಲಿಸಿ, ಪ್ರತಿ ಬಡಿತಕ್ಕೂ ಅವನು ಕೈ ಬೀಸುವಂತೆ ಮಾಡಿ, ಕಿವಿಗೆ ತಡವಾಗಿ ಬರುವ ಟಿಕ್ಕನ್ನು ಬಿಟ್ಟು ಅವನ ಕೈಗೆ ಮಾತ್ರ ಹೆಜ್ಜೆ ಹಾಕಿದೆ. ಮೊದಮೊದಲು ತಲೆ ಸುತ್ತುತ್ತಿತ್ತು. ಕೆಲವು ವಾರಗಳಾದ ಮೇಲೆ ಆ ತಡವೇ ಒಂದು ಗುರುತಾಯಿತು. ಟಿಕ್ಕು ಹೆಜ್ಜೆಯ ನಂತರ ಇಷ್ಟೇ ಅಂತರದಲ್ಲಿ ಬಂದರೆ ನಾನು ಸರಿಯಾಗಿದ್ದೇನೆಂದು ತಿಳಿಯತೊಡಗಿತು.

ಹನ್ನೊಂದನೆಯ ತರಗತಿಯ ಪ್ರದರ್ಶನದಲ್ಲಿ ಏಳೆಣಿಕೆಯ ಭಾಗವೊಂದಿತ್ತು. ಏಳನ್ನು ಮೂರು, ಎರಡು, ಎರಡಾಗಿ ಒಡೆದು, ಪ್ರತಿ ತುಂಡಿನ ಆರಂಭಕ್ಕೆ ಒಂದು ಹೆಜ್ಜೆಯಂತೆ ಮೂರು ಹೆಜ್ಜೆ ಇಡಬೇಕು, ಅವುಗಳಲ್ಲಿ ಮೊದಲನೆಯದು ಉದ್ದ. ಮೂರು ಬೆಸಸಂಖ್ಯೆಯಾದ್ದರಿಂದ ಒಂದು ಆವರ್ತನ ಎಡಗಾಲಿನಲ್ಲಿ ಶುರುವಾದರೆ ಮುಂದಿನದು ಬಲಗಾಲಿನಲ್ಲಿ ಶುರುವಾಗುತ್ತದೆ. ಇಲ್ಲಿ ಇಡೀ ಬ್ಯಾಂಡ್ ಮುಗ್ಗರಿಸುತ್ತಿತ್ತು. ನಾನು ನಮ್ಮ ಗುಂಪಿನವರಿಗೆ ತಕಿಟ ತಕ ತಕ ಎಂದು ಹೇಳಿಕೊಟ್ಟೆ. ಅಂಕಿಗಳನ್ನು ಎಣಿಸುವಾಗ ನಾಲಗೆ ತಡವರಿಸುತ್ತದೆ, ಸೊಲ್ಲುಗಳಿಗೆ ಆ ತೊಡಕಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಕ್ಲಾರಿನೆಟ್‌ನವರೂ ಅದನ್ನೇ ಹೇಳುತ್ತಿದ್ದರು, ಆ ವಾರದ ಕೊನೆಗೆ ಬ್ಯಾಂಡ್ ಡೈರೆಕ್ಟರ್ ತಮ್ಮ ಮೈಕಿನಲ್ಲೇ ತಕಿಟ ತಕ ತಕ ಎಂದು ಎಣಿಕೆ ಕೊಟ್ಟರು. ಅದನ್ನು ಕೇಳಿದಾಗ ನನಗಾದ ಸಂತೋಷವನ್ನು ಆ ದಿನ ಯಾರಿಗೂ ವಿವರಿಸಲಾಗದೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ.

ಅಪ್ಪ ಅಮ್ಮ ಅಷ್ಟರಲ್ಲಿ ಬ್ಯಾಂಡಿನವರೇ ಆಗಿಹೋಗಿದ್ದರು. ಶುಕ್ರವಾರದ ಫುಟ್‌ಬಾಲ್ ಪಂದ್ಯಗಳ ವಿರಾಮದಲ್ಲೂ ಶನಿವಾರದ ಸ್ಪರ್ಧೆಗಳಲ್ಲೂ ಅಪ್ಪ ಇತರ ತಂದೆಯರೊಂದಿಗೆ ಮರಿಂಬಾಗಳನ್ನು ತಳ್ಳಿಕೊಂಡು ಮೈದಾನಕ್ಕೆ ತರುತ್ತಿದ್ದರು. ಅಮ್ಮನ ಕೆಲಸ ಟೋಪಿಗೆ ಗರಿ ಸಿಕ್ಕಿಸುವುದು. ಗರಿಗಳು ಬೇಗ ಹಾಳಾಗುತ್ತವೆಂದು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು, ಮೈದಾನದ ಬಾಗಿಲಿಗೆ ಬಂದ ಮೇಲೆಯೇ ಹಚ್ಚುತ್ತಾರೆ. ಇನ್ನೂರು ಮಕ್ಕಳು ಒಬ್ಬೊಬ್ಬರಾಗಿ ಅಮ್ಮನ ಮುಂದೆ ತಲೆಬಗ್ಗಿಸಿ, ಅಕ್ಷತೆ ಹಾಕಿಸಿಕೊಂಡವರಂತೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದರು.

ಯುಐಎಲ್ ಸ್ಪರ್ಧೆ ಮೂರು ಹಂತದ್ದು. ಮೊದಲ ಹಂತದಲ್ಲಿ ಯಾರೂ ಯಾರ ಎದುರಾಳಿಯಲ್ಲ. ತೀರ್ಪುಗಾರರು ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ, ಅರ್ಹತೆಯಿದ್ದರೆ ಎಲ್ಲ ಬ್ಯಾಂಡಿಗೂ ಪ್ರಥಮ ದರ್ಜೆ ಸಿಗಬಹುದು. ಈ ಕ್ರಮ ನನಗೆ ಬಹಳ ನ್ಯಾಯವಾಗಿ ಕಂಡಿದೆ. ಅದನ್ನು ದಾಟಿದವರು ವಲಯಕ್ಕೆ, ಅಲ್ಲಿ ಮೇಲೆ ಬಂದವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ನಾಲ್ಕು ವರ್ಷವೂ ನಮಗೆ ಪ್ರಥಮ ದರ್ಜೆ ಬಂತು. ರಾಜ್ಯಮಟ್ಟಕ್ಕೆ ಒಮ್ಮೆಯೂ ಹೋಗಲಿಲ್ಲ.

ಹನ್ನೆರಡನೆಯ ತರಗತಿಯ ನವೆಂಬರ್‌ನಲ್ಲಿ ಮತ್ತೆ ಆಲಮೋಡೋಮ್‌ಗೆ ಹೋದೆವು. ಆಗ ನಾನು ಗುಂಪಿನ ಮುಖ್ಯಸ್ಥ. ಬಾಗಿಲಿನಲ್ಲಿ ನಿಂತು ಹೊಸಬರಿಗೆ, ಗೋಡೆ ನಿಮ್ಮನ್ನು ಕರೆಯುತ್ತದೆ, ಹೋಗಬೇಡಿ, ಕೈಯನ್ನು ಮಾತ್ರ ನೋಡಿ ಎಂದೆ. ಅಂದಿನ ಪ್ರದರ್ಶನದಲ್ಲೂ ಪಕ್ಕದ ಚಲನೆಯೊಂದಿತ್ತು, ಈ ಬಾರಿ ಇಪ್ಪತ್ತನಾಲ್ಕು ಎಣಿಕೆಯದು. ಎಡಗಾಲು ಇಟ್ಟೆ. ನನ್ನ ಸ್ವರ ಹೊರಟಿತು. ಟ್ರಂಪೆಟ್‌ಗಳು ಅರ್ಧ ಬಡಿತ ತಡವಾಗಿ ಬಂದವು, ಅದರ ಹಿಂದೆ ಗೋಡೆಯಿಂದ ನಮ್ಮದೇ ಸದ್ದು ಇನ್ನೂ ತಡವಾಗಿ ಬಂದು ತಲೆಯ ಮೇಲೆ ಹಾದುಹೋಯಿತು. ಡ್ರಮ್ ಮೇಜರ್‌ಳ ಬಿಳಿಯ ಕೈಗವಸು ಕೆಳಗಿಳಿದಾಗಲೆಲ್ಲ ನನ್ನ ಹಿಮ್ಮಡಿ ನೆಲ ಮುಟ್ಟುತ್ತಿತ್ತು; ಹಿಂದಿನ ಇಬ್ಬರ ಪಾದಗಳೂ ಅದೇ ಕ್ಷಣಕ್ಕೆ ಬಿದ್ದದ್ದು ನನ್ನ ಅಂಗಾಲಿಗೆ ತಿಳಿಯಿತು. ಇಪ್ಪತ್ತನಾಲ್ಕು ಮುಗಿದಾಗ ಕೆಳಗೆ ನೋಡದೆಯೇ ಗೊತ್ತಿತ್ತು, ಮೂವತ್ತೈದರ ಗೆರೆ ನನ್ನ ಎರಡು ಪಾದಗಳ ಅಡಿಯಲ್ಲಿತ್ತು.