ಬಾವಿಯಲ್ಲಿ ಕಲಿತ ದಮ್ಮು ಸಮುದ್ರಕ್ಕೆ ಬೇಡ

ಗಂಗಾವತಿಯಲ್ಲಿ ನನ್ನದು ಟೈರ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಗಾಳಿ ತುಂಬುವುದೇ ಕಸುಬು. ಆದರೂ ಗಾಳಿಗೆ ಹೆದರುವುದನ್ನು ಕಲಿತಿದ್ದು ಹೋದ ಡಿಸೆಂಬರ್‌ನಲ್ಲಿ, ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ನಡುಗಡ್ಡೆಯ ಬಳಿ ಸ್ಕೂಬಾಕ್ಕೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗು ಹಾಕಲು, ಇಳಿದಾಗ. ಈಗ ನನ್ನ ಅಕ್ಕನ ಮಗ ಗೆಳೆಯರನ್ನು ಕಟ್ಟಿಕೊಂಡು ಅಲ್ಲಿಗೇ ಹೊರಟಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

"ಮಾಮಾ, ನನಗೇನು ಹೇಳ್ತಿ? ಎರಡು ನಿಮಿಷ ದಮ್ಮು ಹಿಡೀತೀನಿ" ಅಂದ. ತೊಂದರೆ ಇರುವುದೇ ಅಲ್ಲಿ. ನಮ್ಮ ಕಡೆ ಹುಡುಗರು ಹಳೇ ಟ್ಯೂಬ್ ಸೊಂಟಕ್ಕೆ ಹಾಕಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಾರೆ. ತಳ ಮುಟ್ಟಿ ಹಿಡಿ ಕೆಸರು ತಂದು ತೋರಿಸಿದವನೇ ಗಂಡು. ಸ್ಕೂಬಾದ ಮೊದಲ ನಿಯಮ ಇದಕ್ಕೆ ಪೂರ್ತಿ ಉಲ್ಟಾ: ಉಸಿರು ಹಿಡಿಯಲೇಬಾರದು.

ಲೆಕ್ಕ ನೋಡಿ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಹೆಚ್ಚಾದ ಪಾಲೇ ನಾನು ಕಾರಿನ ಟೈರಿಗೆ ತುಂಬುವುದರ ಹತ್ತಿರಹತ್ತಿರ ಅರ್ಧ. ಬಾವಿಗೆ ಜಿಗಿಯುವವನು ಮೇಲಿನ ಗಾಳಿಯನ್ನೇ ಒಯ್ಯುತ್ತಾನೆ; ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. ಬಾಯಲ್ಲಿರುವ ರೆಗ್ಯುಲೇಟರ್ ಆ ಆಳದ ಒತ್ತಡಕ್ಕೆ ಸಮನಾದ ಗಾಳಿ ಕೊಡುತ್ತದೆ. 10 ಮೀಟರ್‌ನಲ್ಲಿ ಎದೆ ತುಂಬ ಎಳೆದುಕೊಂಡು, ಬಾಯಿ ಬಿಗಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗಬೇಕು. ಪುಪ್ಪುಸ ಟ್ಯೂಬ್ ಅಲ್ಲ, ಹರಿಯುತ್ತದೆ. ಗಾಳಿ ರಕ್ತಕ್ಕೆ ನುಗ್ಗಿ ಮೆದುಳಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಎದೆ ತುಂಬಿದ್ದಾಗ ಒಂದೂವರೆ ಮೀಟರ್ ಏರಿದರೂ ಅಪಾಯವಿದೆ. ಆದ್ದರಿಂದ ನಿಧಾನವಾಗಿ, ಬಾಯಿಂದಲೇ ಉಸಿರಾಡುತ್ತಲೇ ಇರಿ. ರೆಗ್ಯುಲೇಟರ್ ಬಾಯಿಂದ ಜಾರಿದರೂ "ಆ..." ಎನ್ನುತ್ತ ಸಣ್ಣ ಗುಳ್ಳೆ ಬಿಡುತ್ತಿರಬೇಕು.

ಚಿಕ್ಕವನಿದ್ದಾಗ ಪಪ್ಪಾಯಿ ಎಲೆಯ ಪೊಳ್ಳು ದಂಟು ಬಾಯಲ್ಲಿಟ್ಟುಕೊಂಡು ಕಾಲುವೆಯಲ್ಲಿ ಅಡಗಲು ನೋಡಿದ್ದೆ. ನೀರು ತಲೆಯ ಮೇಲೆ ಬಂದದ್ದೇ ತಡ, ಎದೆ ಅರಳಲೇ ಇಲ್ಲ. ದಂಟಿನದೇ ದೋಷ ಅಂದುಕೊಂಡಿದ್ದೆ. ಎದೆಯನ್ನು ಅದುಮಿದ್ದು ನೀರಿನ ಭಾರ ಅಂತ ಮೂವತ್ತು ವರ್ಷದ ಮೇಲೆ ತಿಳಿಯಿತು.

ಬೆನ್ನಿಗೆ ಕಟ್ಟುವುದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ. ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಸೋಸಿ ಒಣಗಿಸಿ 200 ಬಾರ್ ಒತ್ತಡಕ್ಕೆ ಅದುಮಿದ್ದು. ಬರೀ ಆಕ್ಸಿಜನ್ ಆಗಿದ್ದರೆ 6 ಮೀಟರ್ ದಾಟಿದ ಮೇಲೆ ಫಿಟ್ಸ್ ಬರುವ ಭಯ. ಒಬ್ಬ ಗಿರಾಕಿ "ನಿನ್ನ ಕಂಪ್ರೆಸರ್ ಪೈಪ್ ಬಾವ್ಯಾಗ ಬಿಟ್ರ ಆಗಂಗಿಲ್ಲೇನು?" ಅಂದ. ಅದರಲ್ಲಿ ಎಣ್ಣೆಯ ಆವಿ ಬರುತ್ತದೆ, ಎಂಜಿನ್ನಿನ ಹೊಗೆಯನ್ನೂ ಎಳೆದುಕೊಂಡೀತು. ಟೈರಿಗೆ ನಡೆಯುತ್ತದೆ, ಮನುಷ್ಯನಿಗಲ್ಲ.

ಇನ್ನು ಕಿವಿ. ಮೊದಲು ನೋಯುವುದು ಅದೇ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಕಿವಿಯಲ್ಲಿ ಟಕ್ ಅನ್ನಬೇಕು. ನೋವು ಬರುವವರೆಗೆ ಕಾಯದೆ ನೀರಿಗಿಳಿದ ಕೂಡಲೇ ಶುರುಮಾಡಿ, ಅರ್ಧ ಮೀಟರಿಗೊಮ್ಮೆ ಮಾಡಿ. ಟಕ್ ಅನ್ನದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ನೋಡಿ. ಜೋರಾಗಿ ಊದಿದರೆ ಕಿವಿಗೇ ಪೆಟ್ಟು. ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಮುಖಕ್ಕೆ ಒತ್ತಿದರೆ ಮೂಗಿನಿಂದ ಒಂಚೂರು ಗಾಳಿ ಬಿಡಿ. ನೆಗಡಿ ಇದ್ದರೆ ಇಳಿಯಲೇಬೇಡಿ. ಮಾತ್ರೆ ನುಂಗಿ ಇಳಿದರೆ, ಅದರ ಬಲ ಕೆಳಗೇ ಮುಗಿದು ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳಬಹುದು. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆಗಿದ್ದರೆ, ಇಳಿಯುವ ಮೊದಲು ತುಂಬುವ ಆರೋಗ್ಯದ ಫಾರಂನಲ್ಲಿ ನಿಜ ಬರೆಯಿರಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಮೇಲೆ ಬರುವ ಅವಸರ ಬೇಡ. ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ಮೈಗೆ ಕರಗುತ್ತದೆ. ಗೋಲಿ ಸೋಡಾ ಒಡೆದಾಗ ಗುಳ್ಳೆ ಏಳುವಂತೆ, ದಿಢೀರ್ ಮೇಲೆ ಬಂದರೆ ರಕ್ತದಲ್ಲೂ ಗುಳ್ಳೆ ಏಳಬಹುದು. ನಿಮಿಷಕ್ಕೆ 9 ಮೀಟರ್‌ಗಿಂತ ವೇಗ ಬೇಡ. ಆಳಕ್ಕೆ ಹೋಗಿದ್ದವರು 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಬರುತ್ತಾರೆ. ತರಬೇತಿಯಿಲ್ಲದ ನಮ್ಮಂಥವರಿಗೆ 12 ಮೀಟರೇ ಗಡಿ, ಅದೂ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದಾಗ ಮಾತ್ರ.

ಸನ್ನೆ ಬಾಯಿಪಾಠ ಮಾಡಿಕೊಳ್ಳಿ. ನಾನು ಕೆಳಗೆ ಹಳದಿ ಪಟ್ಟೆಯ ಮೀನಿನ ಹಿಂಡು ನೋಡಿ, ಖುಷಿಗೆ ಹೆಬ್ಬೆರಳು ಎತ್ತಿಬಿಟ್ಟೆ. ಅಲ್ಲಿ ಅದರ ಅರ್ಥ "ಮೇಲೆ ಹೋಗೋಣ". ಇನ್‌ಸ್ಟ್ರಕ್ಟರ್ ಕೈಹಿಡಿದು ಮೇಲಕ್ಕೆ ಕರೆದೊಯ್ದ! ಎಲ್ಲ ಸರಿಯಿದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ತೊಂದರೆಯಾದರೆ ಅಂಗೈ ಚಪ್ಪಟೆ ಮಾಡಿ ಅಲುಗಾಡಿಸಿ, ಆಮೇಲೆ ನೋಯುವ ಜಾಗ ತೋರಿಸಿ. ಗಾಳಿ ಮುಗಿದರೆ ಗಂಟಲ ಮೇಲೆ ಅಡ್ಡ ಕೈ.

ಹಿಂದಿನ ರಾತ್ರಿ ಕುಡಿಯಬೇಡಿ, ನೀರು ಚೆನ್ನಾಗಿ ಕುಡಿಯಿರಿ. ಒಂದೇ ಸಲ ಇಳಿದಿದ್ದರೂ 12 ಗಂಟೆ, ಹೆಚ್ಚು ಸಲ ಇಳಿದಿದ್ದರೆ 18 ಗಂಟೆ ವಿಮಾನ ಹತ್ತುವಂತಿಲ್ಲ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿದು ಉಳಿದ ನೈಟ್ರೋಜನ್ ಗುಳ್ಳೆಯಾದೀತು. ನಮ್ಮವರು ವಿಮಾನ ಹತ್ತುವುದಿಲ್ಲ, ಸರಿ. ಆದರೆ ಊರಿಗೆ ಬರಲು ಘಟ್ಟ ಹತ್ತಬೇಕು, ಹುಬ್ಬಳ್ಳಿಯೇ 600 ಮೀಟರ್‌ಗಿಂತ ಎತ್ತರದಲ್ಲಿದೆ. ಅಳಿಯ ಅದೇ ದಿನ ಸಂಜೆಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದ. ಅದನ್ನು ರದ್ದು ಮಾಡಿಸಿ ಮರುದಿನದ್ದಕ್ಕೆ ಹಾಕಿಸಿದೆ. ಲಾಡ್ಜಿನ ಬಾಡಿಗೆ ನಾನೇ ಕೊಡಬೇಕಂತೆ.