ಬಂಗಲೆ ಬಿಟ್ಟು ಹುಳುಮನೆಗೆ

ಭಯದ ಕಥೆ ಶಿಡ್ಲಘಟ್ಟದಲ್ಲಿ ಮಾರಾಟವಾಗುವುದಿಲ್ಲ ಎಂದು ನಮ್ಮ ಭಾವನಿಂದ ಹಿಡಿದು ಮುದ್ರಣಾಲಯದವರವರೆಗೆ ಎಲ್ಲರೂ ಹೇಳಿದ್ದರು. ಮೊದಲ ಸಂಕಲನ ಅವರ ಮಾತನ್ನೇ ನಿಜ ಮಾಡಿತು. 500 ಪ್ರತಿಗೆ ಸುಮಾರು 35,000 ರೂಪಾಯಿ ಸುರಿದೆ. ಒಂದು ಬೆಳೆಯ ರೇಷ್ಮೆ ಗೂಡಿನ ಹಣವೆಲ್ಲ ಹೋಯಿತು. ಮಾರಿದ್ದು ಅರವತ್ತೋ ಎಪ್ಪತ್ತೋ. ಉಳಿದವು ಅಟ್ಟದ ಇಲಿಗಳ ಪಾಲು. ಪಾಳು ಬಂಗಲೆ, ಗೆಜ್ಜೆ ಸದ್ದು, ಬಿಳಿ ಸೀರೆ ಬರೆದಿದ್ದೆ. ನಮ್ಮೂರಿನಲ್ಲಿ ಬಂಗಲೆ ಎಲ್ಲಿದೆ? ಆಮೇಲೆ ಎರಡು ಸೂರ್ಯರಿರುವ ಗ್ರಹವೊಂದನ್ನು ಕಟ್ಟಿದೆ. ಅಲ್ಲಿಯವರ ಹೆಸರುಗಳು ನನಗೇ ನೆನಪಿರುತ್ತಿರಲಿಲ್ಲ.

ಕೊನೆಗೆ ಕೈಹಿಡಿದದ್ದು ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆ. ಒಂದೇ ಒಂದು ಸುಳ್ಳು ಇಟ್ಟುಕೊಂಡೆ: ಆ ಲೋಕದಲ್ಲಿ ಮನುಷ್ಯರಿಗೂ ರೇಷ್ಮೆ ಹುಳುವಿನಂತೆ ಬಾಳಿನಲ್ಲಿ ನಾಲ್ಕು ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಉಳಿದಂತೆ ಗೂಡಿನ ದರ, ಬಸ್ಸಿನ ಹೊತ್ತು, ಸುಣ್ಣದ ವಾಸನೆ ಯಾವುದೂ ತಪ್ಪಬಾರದು. ಬೆಳಗಿನ ಜಾವ ಬುಟ್ಟಿ ಹಿಡಿದು ಬರುವವರು ಯಾರೆಂದು ಮಾತ್ರ ಬರೆಯಲಿಲ್ಲ. ನೂಲು ತೆಗೆಯಲು ಗೂಡು ಕುದಿಸುವಾಗ ಒಳಗೆ ಏನಿರುತ್ತದೆ ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ರಾತ್ರಿ, ಅವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಲು ಬಂದಿದ್ದ ಏಳೆಂಟು ಹೆಂಗಸರಿಗೆ ಕರಡು ಓದಿದೆ. ನಾಲ್ಕನೇ ಜ್ವರ ಬಿಟ್ಟವನು ಗಾಢ ನಿದ್ದೆಗೆ ಜಾರುತ್ತಾನೆ ಎಂದು ಬರೆದಿದ್ದೆ. ಹಿರಿಯರೊಬ್ಬರು ತಲೆ ಎತ್ತದೆಯೇ, “ನಿದ್ದೆ ಎಲ್ಲಿಯದಪ್ಪಾ? ಜ್ವರ ಬಿಟ್ಟ ಮೇಲೆ ಹಸಿವು” ಎಂದರು. ಇಪ್ಪತ್ತು ವರ್ಷ ಹುಳು ಸಾಕಿದವನಿಗೆ ಇದು ಹೊಳೆದಿರಲಿಲ್ಲ! ಹುಳು ಇಪ್ಪತ್ತೈದು ದಿನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಆ ಕೊನೆಯ ವಾರದ್ದು. ಮರುದಿನ ಹನ್ನೆರಡು ಪುಟ ಹರಿದೆ. ಮನೆಯ ರಾಗಿಯನ್ನೆಲ್ಲ ಮುಗಿಸಿದ ಅಪ್ಪ ಮಕ್ಕಳ ಕಡೆ ತಿರುಗಿ ನೋಡುವ ಸಾಲು ಹುಟ್ಟಿದ್ದು ಆಗಲೇ.

ನಡುವೆ ಇನ್ನೊಂದು ಹುಚ್ಚು. ಹುಳುಗಳು ಸೊಪ್ಪು ಮೇಯುವ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಚಿಂತಾಮಣಿಯಲ್ಲಿ ಕಥೆ ಓದುವಾಗ ಹಿನ್ನೆಲೆಗೆ ಹಾಕಿದೆ. ಮಳೆ ಬಂತೆಂದು ಇಬ್ಬರು ಒಣಹಾಕಿದ ಬಟ್ಟೆ ತೆಗೆಯಲು ಎದ್ದು ಹೋದರು. ಸ್ಪೀಕರ್ ಬಾಡಿಗೆ 800 ರೂಪಾಯಿ ದಂಡ.

ಈ ಸಲ 300 ಪ್ರತಿ ಹಾಕಿಸಿದೆ. ನಾಲ್ಕೈದು ತಿಂಗಳಲ್ಲಿ ಖಾಲಿ. ಮತ್ತೆ 200 ಹಾಕಿಸಿದ್ದೇನೆ. ಭಾವನವರೇ ಹತ್ತು ಪ್ರತಿ ಒಯ್ದರು, ದುಡ್ಡು ಇನ್ನೂ ಕೊಟ್ಟಿಲ್ಲ. ಕೊನೆಯ ಪುಟದಲ್ಲಿ ಜ್ವರದ ಲೆಕ್ಕವನ್ನು ಓದುವವರ ಮೇಲೆಯೇ ತಿರುಗಿಸುವ ಉಪಾಯವೊಂದಿದೆ. ಅದನ್ನು ಇಲ್ಲಿ ಹೇಳಿದರೆ ನಾಳೆ ನೀವೇ ಬರೆದುಬಿಡುತ್ತೀರಿ.

ನಷ್ಟವೂ ಇದೆ. ಹುಳು ಆರಿಸಲು ಆ ಹೆಂಗಸರು ಈಗ ಹಗಲಿನಲ್ಲಾದರೆ ಹಳೆಯ ಕೂಲಿಗೇ ಬರುತ್ತಾರೆ. ರಾತ್ರಿಗೆ ನೂರು ರೂಪಾಯಿ ಹೆಚ್ಚು ಕೇಳುತ್ತಾರೆ.