ಒಂದೇ ಪರದೆ: ಕಾಡೂ ಅದೇ, ಅರಮನೆಯೂ ಅದೇ

ನಾಟಕದ ಎರಡು ದೃಶ್ಯವನ್ನು ಒಂದೇ ಪರದೆಯಲ್ಲಿ, ಬರೀ ಲೈಟ್ ಬದಲಿಸಿ ತೋರಿಸ್ತೀನಿ ಅಂದಾಗ ‘ಇದು ಆಗೋ ಮಾತಲ್ಲ’ ಅಂದಿದ್ದರು ನಮ್ಮ ನಿರ್ದೇಶಕರು. ಈಗ ಮೂರು ಪ್ರದರ್ಶನ ಮುಗಿದಿವೆ. ಕೆಂಪು ಲೈಟ್ ಬಿದ್ದರೆ ಸಂಜೆಯ ಕಾಡು, ಹಸಿರು-ನೀಲಿ ಒಟ್ಟಿಗೆ ಬಿದ್ದರೆ ಬೆಳದಿಂಗಳ ಅರಮನೆ. ಪರದೆ ಒಂದೇ.

ಕಾಡನ್ನು ಸಯಾನ್‌ನಲ್ಲಿ (ಹಸಿರು ಛಾಯೆಯ ತಿಳಿನೀಲಿ) ಬರೆದೆ, ಅರಮನೆಯನ್ನು ಕೆಂಪಲ್ಲಿ. ಬಿಳಿ ಬಟ್ಟೆಯ ಮೇಲೆ ಕೆಂಪು ಗೆರೆ ಕೆಂಪು ಬೆಳಕಲ್ಲಿ ಮಾಯ. ಸಯಾನ್ ಗೆರೆ ಆ ಬೆಳಕನ್ನು ನುಂಗಿ ಕಪ್ಪಾಗುತ್ತದೆ. ಲೈಟ್ ಬದಲಿಸಿದರೆ ಉಲ್ಟಾ.

ಇಷ್ಟು ಗೊತ್ತಿದ್ದೂ ಮೊದಲ ಪರದೆ ಕೆಟ್ಟಿತು. ಇಪ್ಪತ್ತು ವರ್ಷ ಲೈಟ್ ಮಾಡಿದ ಕೈ ನನ್ನದು. ಹಸಿರು, ನೀಲಿ ಪಾರ್ (ರಂಗದ ಲೈಟ್) ಸೇರಿಸಿದರೆ ತಿಳಿ ಸಯಾನ್ ಬರುತ್ತೆ ಅಲ್ವಾ? ಡಬ್ಬದ ಹಸಿರು ನೀಲಿಯನ್ನೂ ಹಾಗೇ ಬೆರೆಸಿದೆ. ಪಾಚಿ ಬಣ್ಣ ಬಂತು! ಬೆಳಕು ಸೇರಿದಷ್ಟೂ ಹೆಚ್ಚುತ್ತದೆ, ಬಣ್ಣ ಸೇರಿದಷ್ಟೂ ಬೆಳಕು ಕಳೆಯುತ್ತದೆ. ಅರಮನೆ ದೃಶ್ಯದಲ್ಲೂ ಮರಗಳು ದೆವ್ವದ ಹಾಗೆ ನಿಂತಿದ್ದವು. ಕೆಂಪಿಗೆ ಅಂತ ಕಾವಿ ಬಳಿದಿದ್ದು ಇನ್ನೊಂದು ತಪ್ಪು. ಅದು ಕೆಂಪು ಬೆಳಕಲ್ಲೂ ಮಂಕಾಗಿ ಉಳಿಯಿತು. ಮಾಂಜರಪಾಟು, ಡಿಸ್ಟೆಂಪರ್ ಸೇರಿ ಸುಮಾರು 2,800 ರೂಪಾಯಿ ನೀರಿಗೆ ಹೋಯಿತು.

ಎರಡನೆಯ ಸಲ ಸ್ಕ್ರೀನ್ ಪ್ರಿಂಟಿಂಗ್ ಗೆಳೆಯನಿಂದ ಇಂಕು ತಂದೆ. ಸಯಾನ್ ಹಾಗೇ ಹಾಕಿದೆ, ಮಜೆಂಟಾಗೆ (ಕಡು ಗುಲಾಬಿ) ಹಳದಿ ಬೆರೆಸಿ ಕೆಂಪು ಮಾಡಿದೆ. ಬಟ್ಟೆಗೆ ಮೊದಲು ಎರಡು ಕೋಟ್ ಬಿಳಿ. ಇಂಕನ್ನು ಯಾವುದರಲ್ಲಿ, ಎಷ್ಟು ತೆಳು ಮಾಡಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಎರಡೂ ಚಿತ್ರ ಒಂದರ ಮೇಲೊಂದು ಬರುವ ಕಡೆ ಯಾವ ಬೆಳಕಲ್ಲೂ ಕಪ್ಪೇ. ಅದಕ್ಕೆ ಅಲ್ಲೆಲ್ಲ ಮರದ ಬೊಡ್ಡೆಯನ್ನೇ ಅರಮನೆಯ ಕಂಬ ಮಾಡಿದೆ. ನನ್ನ ಹೆಮ್ಮೆ ಇದೇ, ಸುಳ್ಳು ಯಾಕೆ. ಆದರೂ ಸಯಾನ್ ಹಸಿರನ್ನು ಸ್ವಲ್ಪ ಕುಡಿಯುತ್ತದೆ. ಹಸಿರು ಪಾರನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ ಮೇಲೇ ಮರಗಳು ಪೂರ್ತಿ ಹೋದವು. ಖರ್ಚು ಮೂರೂವರೆ ಸಾವಿರ. ಬೇರೆ ಪರದೆ ಬರೆಸಲು ಒಂಬತ್ತು ಕೇಳಿದ್ದರು.

ಮೊದಲ ಪ್ರದರ್ಶನದಲ್ಲಿ ಒಂದು ಎಡವಟ್ಟು. ಕಾಡಿನ ದೃಶ್ಯದಲ್ಲಿ ನಾಯಕಿಯ ಕುಂಕುಮವೂ ಮಾಯ! ‘ಗಂಡ ಸತ್ತನಾ?’ ಅಂತ ಮುಂದಿನ ಸಾಲಿನ ಅಜ್ಜಿ ಜೋರಾಗೇ ಕೇಳಿದರು. ಮುಂದಿನ ಪ್ರದರ್ಶನಕ್ಕೆ ಕುಂಕುಮದ ಸುತ್ತ ಕಾಡಿಗೆಯ ಗೆರೆ ಎಳೆದೆವು.

ಈಗ ಮೂರು ಚಿತ್ರದ ಹುಚ್ಚು ಹಿಡಿದಿದೆ. ಸಯಾನ್ ಕೆಂಪು ಬೆಳಕಿಗೆ, ಮಜೆಂಟಾ ಹಸಿರಿಗೆ, ಹಳದಿ ನೀಲಿಗೆ. ಟವೆಲ್ ಅಗಲದ ಬಟ್ಟೆಯಲ್ಲಿ ನೋಡಿದೆ. ಮಜೆಂಟಾ ನೀಲಿ ಬೆಳಕಲ್ಲೂ ಇಣುಕುತ್ತಿದೆ. ಬಟ್ಟೆ ಇನ್ನೂ ಹಿತ್ತಲ ಹಗ್ಗದ ಮೇಲಿದೆ.